ಬಂಕಾಪುರದ ಕೋಟೆ ನೋಡಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ–ಹಾವೇರಿ ಹೆದ್ದಾರಿಯಲ್ಲಿ ಓಡಾಡುವ ಬಹಳ ಜನಕ್ಕೆ ಬಂಕಾಪುರ ಅಂದರೆ ಟೋಲ್ ನಾಕಾ, ಅಷ್ಟೇ. ಅಲ್ಲಿಂದ ಎರಡೂವರೆ ಮೂರು ಕಿಲೋಮೀಟರ್ ಒಳಗೆ ಹೋದರೆ ರಾಷ್ಟ್ರಕೂಟರ ಕಾಲದ ಊರಿದೆ, ಕೋಟೆ ಇದೆ, ಕೋಟೆಯೊಳಗೆ ನವಿಲು, ಎತ್ತು, ಚಾಲುಕ್ಯರ ಗುಡಿ ಎಲ್ಲ ಇವೆ ಎಂದು ಹೇಳಿದರೆ ನಂಬುವುದಿಲ್ಲ. ನಂಬಿದವರು ಫೋನ್ ಮಾಡಿ ಒಂದೊಂದಾಗಿ ಕೇಳುತ್ತಾರೆ. ಎಲ್ಲರೂ ಹೆಚ್ಚು ಕಡಿಮೆ ಅವೇ ಪ್ರಶ್ನೆ ಕೇಳುವುದರಿಂದ ಉತ್ತರಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಅಲ್ಲಿ ನಿಜಕ್ಕೂ ಕೋಟೆ ಉಳಿದಿದೆಯಾ, ಇಲ್ಲ ಬರೀ ಹೆಸರಾ?

ಉಳಿದಿದೆ. ಆದರೆ ಚಿತ್ರದುರ್ಗದ ಲೆಕ್ಕ ಇಟ್ಟುಕೊಂಡು ಹೋಗಬೇಡಿ. ಅಲ್ಲಿನ ಹಾಗೆ ಏಳು ಸುತ್ತು, ಬಂಡೆ, ಮೆಟ್ಟಿಲು, ಮೇಲಿಂದ ಊರು ಕಾಣುವ ನೋಟ ಇಲ್ಲಿಲ್ಲ. ಇದು ಬಯಲಿನ ಮೇಲೆ ಕಟ್ಟಿದ ನೆಲಕೋಟೆ. ಕಾಣಸಿಗುವುದು ಕಂದಕ, ಅಲ್ಲಲ್ಲಿ ಕುಸಿದ ಗೋಡೆ, ಕೊತ್ತಳದ ಗುಡ್ಡೆ, ಹೆಬ್ಬಾಗಿಲಿನ ಉಳಿಕೆ. ಉಳಿದದ್ದೆಲ್ಲ ಹುಲ್ಲು ಮತ್ತು ಮರ. "ಇಷ್ಟೇನಾ?" ಎಂದು ಗೇಟಿನಿಂದಲೇ ಗಾಡಿ ತಿರುಗಿಸಿದವರನ್ನು ನೋಡಿದ್ದೇನೆ. ಅವರು ಗುಡಿಯ ತನಕ ನಡೆದಿರುವುದಿಲ್ಲ. ನನ್ನ ಮಾತು ಕೇಳುವುದಾದರೆ ಗೋಡೆಗೆ ಕಾಲು ಗಂಟೆ ಕೊಡಿ, ಗುಡಿಗೆ ಒಂದು ಗಂಟೆ ಇಡಿ, ಮಿಕ್ಕದ್ದನ್ನು ಆ ಬಯಲಿಗೆ ಬಿಡಿ.

ಕೋಟೆ ಕಟ್ಟಿಸಿದ್ದು ಯಾರು?

ಒಬ್ಬರ ಹೆಸರು ಹೇಳಿ ಮುಗಿಸುವ ಕತೆ ಇದಲ್ಲ. ಊರಿಗೆ ಹೆಸರು ಬಂದದ್ದು ಬಂಕೆಯನಿಂದ. ಈತ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ದಂಡನಾಯಕ, ಚೆಲ್ಲಕೇತನ ಮನೆತನದವನು. ಗದಗ ಜಿಲ್ಲೆಯ ನರಗುಂದದ ಹತ್ತಿರ ಕೊಣ್ಣೂರು ಇದೆಯಲ್ಲ, ಅಲ್ಲಿನ ಶಾಸನದಲ್ಲಿ ಬಂಕೆಯನ ಸಾಹಸದ ವಿವರ ಸಿಗುತ್ತದೆ. ಅದರಲ್ಲಿ ಹೇಳಿರುವ ದಾನ ಕ್ರಿ.ಶ. 860ರದು. ಬಂಕೆಯನ ಮಗ ಲೋಕಾದಿತ್ಯ ಇಲ್ಲಿಂದಲೇ ಬನವಾಸಿ ನಾಡನ್ನು ಆಳುತ್ತಿದ್ದ ಎಂದು ಗುಣಭದ್ರಾಚಾರ್ಯರ ಉತ್ತರಪುರಾಣದ ಕೊನೆಯ ಪದ್ಯಗಳು ಹೇಳುತ್ತವೆ. ಅದು ಶಕ 820, ಅಂದರೆ 898.

ಆ ಕಾಲದ ಬಂಕಾಪುರ ಜೈನರ ದೊಡ್ಡ ಕೇಂದ್ರ. ಅಜಿತಸೇನ ಭಟ್ಟಾರಕರು ಇಲ್ಲಿದ್ದರು. ತಲಕಾಡಿನ ಗಂಗರ ದೊರೆ ಮಾರಸಿಂಹ ರಾಜ್ಯ ಬಿಟ್ಟು ಬಂದು, ಮೂರು ದಿನ ಸಲ್ಲೇಖನ (ಉಪವಾಸವಿದ್ದು ಸಾವನ್ನು ಬರಮಾಡಿಕೊಳ್ಳುವ ಜೈನರ ವ್ರತ) ಹಿಡಿದು ಜೀವ ಬಿಟ್ಟದ್ದು ಇಲ್ಲೇ, ಅವರ ಸನ್ನಿಧಿಯಲ್ಲೇ. ಅದನ್ನು ಬರೆದಿಟ್ಟಿರುವುದು ಶ್ರವಣಬೆಳಗೊಳದ ಕಂಬದ ಮೇಲೆ. ಬಂಕಾಪುರ ಎಂದರೆ ಯುದ್ಧ, ಮುತ್ತಿಗೆ ಅಂತಲೇ ಎಲ್ಲರೂ ಹೇಳುತ್ತಾರೆ. ನನಗೆ ಮಾತ್ರ ಈ ಊರಿನ ದೊಡ್ಡ ಸಂಗತಿ ಅಂದರೆ ಒಬ್ಬ ರಾಜ ಸಾಯುವುದಕ್ಕೆ ಈ ಜಾಗವನ್ನು ಹುಡುಕಿಕೊಂಡು ಬಂದದ್ದು.

ಆಮೇಲೆ ಕಲ್ಯಾಣದ ಚಾಲುಕ್ಯರು, ಅವರ ಕೈಕೆಳಗೆ ಹಾನಗಲ್ಲಿನ ಕದಂಬರು. 1055ರ ಶಾಸನವೊಂದು ಆರನೇ ವಿಕ್ರಮಾದಿತ್ಯ ಇನ್ನೂ ರಾಜಕುಮಾರನಾಗಿ ಬನವಾಸಿ, ಗಂಗವಾಡಿ ನೋಡಿಕೊಳ್ಳುತ್ತಿದ್ದ ಹೊತ್ತಿನದು. ಹೊಯ್ಸಳ ವಿಷ್ಣುವರ್ಧನ ಉತ್ತರಕ್ಕೆ ನುಗ್ಗಿ ಬಂದಾಗ ಬಂಕಾಪುರವನ್ನು ತನ್ನ ನೆಲೆ ಮಾಡಿಕೊಂಡ. ನಂತರ ವಿಜಯನಗರ, ಬಿಜಾಪುರ, ಸವಣೂರಿನ ನವಾಬರು. ಈಗ ಕಾಣುವ ಗೋಡೆಯಲ್ಲಿ ಇಷ್ಟೂ ಜನರ ಕೈ ಇದೆ. ಬಂದವರೆಲ್ಲ ಹಿಂದಿನವರ ಕಲ್ಲನ್ನೇ ಎತ್ತಿ ತಮ್ಮ ಗೋಡೆಗೆ ಇಟ್ಟರು.

ಇಷ್ಟು ಹಾಳಾಗಲು ಕಾರಣ ಏನು?

ಜಾಗವೇ ಕಾರಣ. ಒಂದು ಕಡೆ ಮಲೆನಾಡಿನ ಅಂಚು, ಇನ್ನೊಂದು ಕಡೆ ಬಯಲುಸೀಮೆ. ಕರಾವಳಿಯ ಕಡೆ ಇಳಿಯುವ ದಾರಿಗಳೂ ದೂರವಿಲ್ಲ. ಇಂಥ ನಾಕಾ ಎಲ್ಲರಿಗೂ ಬೇಕು. ರಕ್ಕಸತಂಗಡಿ ಯುದ್ಧ ಮುಗಿದ ಮೇಲೆ ಬಿಜಾಪುರದ ಮೊದಲನೇ ಅಲಿ ಆದಿಲ್ ಶಾಹ ಧಾರವಾಡ ಹಿಡಿದು, 1573ರ ಹೊತ್ತಿಗೆ ಬಂಕಾಪುರಕ್ಕೆ ಬಂದ. ಕೋಟೆ ಸುಲಭಕ್ಕೆ ಬೀಳಲಿಲ್ಲ. ಮುತ್ತಿಗೆ ವರ್ಷದ ಮೇಲೆ ನಡೆಯಿತು. ಗೆದ್ದ ಮೇಲೆ ಒಳಗಿನ ಗುಡಿಗಳಿಗೆ ಪೆಟ್ಟು ಬಿತ್ತು. ಹದಿನೆಂಟನೇ ಶತಮಾನದಲ್ಲಿ ಮರಾಠರು ಒಂದು ಕಡೆಯಿಂದ, ಹೈದರ್ ಮತ್ತು ಟಿಪ್ಪು ಇನ್ನೊಂದು ಕಡೆಯಿಂದ ಸವಣೂರಿನ ನವಾಬನನ್ನು ಎಳೆದಾಡಿದರು. ನಡುವೆ ಸಿಕ್ಕಿ ಬಂಕಾಪುರ ನುಜ್ಜುಗುಜ್ಜಾಯಿತು.

ಅರವತ್ತು ಕಂಬದ ಗುಡಿ ಅಂದರೆ ಅದೇನಾ?

ಅದೇ. ನಗರೇಶ್ವರ ದೇವಸ್ಥಾನ. ಕೋಟೆಯ ಒಳಗೇ ಇದೆ. ಕಲ್ಯಾಣ ಚಾಲುಕ್ಯರ ಕಾಲದ್ದು. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಣೆಯಲ್ಲಿದೆ. ಶಿಖರ ಉಳಿದಿಲ್ಲ. ಆದ್ದರಿಂದ ದೂರದಿಂದ ನೋಡಿದರೆ ಗುಡಿ ಅಂತ ಅನಿಸುವುದೇ ಇಲ್ಲ, ತಗ್ಗಿನಲ್ಲಿ ಒಂದು ಅಗಲವಾದ ಕಲ್ಲಿನ ಚಾವಣಿ ಕಾಣುತ್ತದೆ. ಕೆಳಗೆ ಇಳಿದು ಮಂಟಪದೊಳಗೆ ಹೋದಾಗ ಬಾಯಿ ಮುಚ್ಚುತ್ತದೆ.

ಒಳಗೆ ಹೋದವರು ತಲೆ ಎತ್ತಿ ಚಾವಣಿ ನೋಡಿ ಒಂದು ಸೆಲ್ಫಿ ತೆಗೆದುಕೊಂಡು ಹೊರಬೀಳುತ್ತಾರೆ. ಹಾಗೆ ಮಾಡಬೇಡಿ. ಒಂದು ಕಂಬ ಆರಿಸಿಕೊಂಡು ಅದರ ಮುಂದೆ ಕೂತುಕೊಳ್ಳಿ. ಬುಡ ಚೌಕಾಕಾರ. ಅದರ ಮೇಲೆ ಗಂಟೆಯ ಆಕಾರದ ಉಬ್ಬು, ಅದರ ಮೇಲೆ ಬಳೆ ಬಳೆಯಾಗಿ ಸುತ್ತುಗಳು. ಕೆಲವು ಸುತ್ತುಗಳ ಅಂಚು ಎಷ್ಟು ತೆಳು ಅಂದರೆ ಉಳಿ ಹಿಡಿದು ಸುತ್ತಿಗೆಯಿಂದ ಹೊಡೆದರೆ ಮುರಿದೇ ಹೋಗಬೇಕಿತ್ತು. ಹೊಡೆದು ಮಾಡಿದ್ದಲ್ಲ ಅದು. ಕಲ್ಲನ್ನೇ ತಿರುಗಿಸುತ್ತಾ ಉಳಿ ಒತ್ತಿ ಹಿಡಿದು ಕಡೆದದ್ದು, ನಮ್ಮ ಕಡೆ ಬಡಿಗೇರರು ತೊಟ್ಟಿಲಿನ ಕಾಲು ಕಡೆಯುವ ಹಾಗೆ. ಬೆಳಕು ಓರೆಯಾಗಿ ಬೀಳುವ ಹೊತ್ತಿನಲ್ಲಿ ಕಂಬದ ಮೈಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆಗಳು ಒಂದರ ಪಕ್ಕ ಒಂದು ಸುತ್ತಿಕೊಂಡಿರುವುದು ಕಾಣುತ್ತದೆ. ಆಮೇಲೆ ತಿಕ್ಕಿ ಹೊಳಪು ಕೊಟ್ಟಿದ್ದಾರೆ.

ಇದು ಸಾಧ್ಯವಾದದ್ದು ಕಲ್ಲಿನಿಂದ. ಬಾದಾಮಿ, ಪಟ್ಟದಕಲ್ಲಿನಲ್ಲಿ ಬಳಸಿದ್ದು ಮರಳುಗಲ್ಲು. ಹನ್ನೊಂದನೇ ಶತಮಾನದ ಹೊತ್ತಿಗೆ ನಮ್ಮ ಕಡೆಯ ಶಿಲ್ಪಿಗಳು ಬಳಪದ ಕಲ್ಲಿಗೆ ಬಂದರು. ಗಣಿಯಿಂದ ಹೊಸದಾಗಿ ತೆಗೆದಾಗ ಅದು ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಲಕ್ಕುಂಡಿ, ಅಣ್ಣಿಗೇರಿ, ಹಾನಗಲ್, ಹಾವೇರಿ, ಎಲ್ಲ ಕಡೆ ಇದೇ ಕಲ್ಲು, ಇದೇ ಕೈಚಳಕ. ಮುಂದೆ ಹೊಯ್ಸಳರು ಬೇಲೂರು, ಹಳೇಬೀಡಿನಲ್ಲಿ ಹಿಡಿದದ್ದೂ ಈ ದಾರಿಯೇ. ಬೇಲೂರಿಗೆ ಬಸ್ಸು ಮಾಡಿಕೊಂಡು ಹೋಗುವ ನಮ್ಮ ಜನ ಬಂಕಾಪುರ ದಾಟಿಯೇ ಹೋಗುತ್ತಾರೆ ಅನ್ನುವುದು ನನಗೆ ಸ್ವಲ್ಪ ಹೊಟ್ಟೆಕಿಚ್ಚಿನ ವಿಷಯ.

ಎಣಿಸಿದರೆ ಅರವತ್ತು ಬರುವುದಿಲ್ಲವಂತೆ?

ಯಾವುದನ್ನು ಕಂಬ ಅನ್ನುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ಗೋಡೆಗೆ ಅಂಟಿಕೊಂಡ ಅರೆಗಂಬ ಸೇರಿಸಿದರೆ ಒಂದು ಲೆಕ್ಕ, ಬಿಟ್ಟರೆ ಇನ್ನೊಂದು. ಮಕ್ಕಳಿಗೆ ಎಣಿಸಲು ಹೇಳಿ. ಅಷ್ಟು ಹೊತ್ತು ನಿಮಗೆ ನೆಮ್ಮದಿ.

ಗುಡಿ ಅಷ್ಟು ತಗ್ಗಿನಲ್ಲಿ ಯಾಕಿದೆ? ಭೂಮಿಗೆ ಇಳಿದಿದೆಯಾ?

ಗುಡಿ ಇಳಿದಿಲ್ಲ, ಸುತ್ತಲಿನ ನೆಲ ಏರಿದೆ. ಎಂಟು ನೂರು, ಒಂಬೈನೂರು ವರ್ಷ ಜನ ಇದ್ದು, ಕಟ್ಟಿ, ಕೆಡವಿ, ಮತ್ತೆ ಕಟ್ಟಿದ ಕಡೆ ಮಣ್ಣು ಗುಡ್ಡೆ ಬೀಳುತ್ತಲೇ ಹೋಗುತ್ತದೆ. ಹಳೆಯ ಕೋಟೆಯ ಊರುಗಳಲ್ಲಿ ಇದು ಸಾಮಾನ್ಯ. ಮಳೆಗಾಲದಲ್ಲಿ ಆ ತಗ್ಗಿನ ಸುತ್ತ ಜಾರುತ್ತದೆ, ಹುಷಾರು.

ಕೋಟೆಯೊಳಗೆ ದನದ ಕೊಟ್ಟಿಗೆ ಇದೆ ಅಂತ ಕೇಳಿದೆ, ತಮಾಷೆನಾ?

ತಮಾಷೆ ಅಲ್ಲ. ಸರ್ಕಾರದ ಖಿಲಾರಿ ತಳಿ ಸಂವರ್ಧನ ಕೇಂದ್ರ ಇರುವುದೇ ಕೋಟೆಯೊಳಗೆ. ಖಿಲಾರಿ ಎತ್ತು ನೋಡಿದವರಿಗೆ ಹೇಳುವುದು ಬೇಡ. ಬಿಳಿ ಬೂದು ಮೈ, ಹಿಂದಕ್ಕೆ ಬಾಗಿ ಮೇಲೆ ಎದ್ದ ಉದ್ದ ಕೋಡು, ಒಂದು ನಿಮಿಷ ನಿಂತಲ್ಲಿ ನಿಲ್ಲದ ಕಾಲು. ಬಿಜಾಪುರ, ಬೆಳಗಾವಿ ಕಡೆ ಗಾಡಿ ಓಟಕ್ಕೆ, ಉಳುಮೆಗೆ ಇದೇ ಬೇಕು. ಟ್ರ್ಯಾಕ್ಟರ್ ಬಂದ ಮೇಲೆ ತಳಿ ಉಳಿಸಿಕೊಳ್ಳುವುದೇ ಕಷ್ಟವಾಗಿದೆ.

ಕೋಟೆಯೊಳಗೆ ದನ ಕಟ್ಟಿದ್ದು ಅವಮಾನ ಎಂದು ಸಿಟ್ಟಾಗುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಧಾರವಾಡದ ಕಿಲ್ಲೆ ನೋಡಿ. ಒಂದು ಬಾಗಿಲು ಬಿಟ್ಟರೆ ಕೋಟೆ ಎಲ್ಲಿತ್ತು ಎಂದು ಹುಡುಕಬೇಕು, ಎಲ್ಲ ಮನೆ, ಓಣಿ. ಬಂಕಾಪುರದಲ್ಲಿ ಎತ್ತುಗಳಿಗೆ ಮೇವು ಬೇಕಿತ್ತು, ಹಾಗಾಗಿ ಹುಲ್ಲುಗಾವಲು ಉಳಿಯಿತು, ಸೈಟು ಬೀಳಲಿಲ್ಲ. ಹುಲ್ಲು ಉಳಿದದ್ದಕ್ಕೆ ನವಿಲೂ ಉಳಿಯಿತು. ಕೋಟೆಯನ್ನು ಕಾದದ್ದು ದನ ಅಂತಲೇ ನಾನು ಹೇಳುವುದು.

ನವಿಲು ಖಂಡಿತ ಕಾಣುತ್ತದಾ?

ಬೆಳಿಗ್ಗೆ ಬೇಗ ಹೋದರೆ ಕಾಣದೆ ಇರುವುದು ಅಪರೂಪ. ಇಲ್ಲಿನ 139 ಎಕರೆಯನ್ನು 2006ರಲ್ಲಿ ನವಿಲುಗಳಿಗಾಗಿ ಸಂರಕ್ಷಿತ ಪ್ರದೇಶ ಎಂದು ಘೋಷಿಸಿದರು. ನವಿಲಿಗೇ ಮೀಸಲಾದ ಜಾಗಗಳು ದೇಶದಲ್ಲೇ ಬೆರಳೆಣಿಕೆ. ಕಂದಕದಲ್ಲಿ ಬೆಳೆದ ಜಾಲಿ, ಮುಳ್ಳುಕಂಟಿಯ ಒಳಗೆ ಅವು ಹಗಲು ಅಡಗುತ್ತವೆ. ರಾತ್ರಿ ಎತ್ತರದ ಮರ ಹತ್ತಿ ಮಲಗುತ್ತವೆ. ಬಿಸಿಲು ಏರುವ ಮುಂಚೆ ಹುಲ್ಲಿನಲ್ಲಿ ಕಾಳು, ಹುಳು ಹುಡುಕುತ್ತಾ ಓಡಾಡುವಾಗ ನೋಡಬೇಕು. ಹನ್ನೊಂದಕ್ಕೆ ಕಾರಿನಿಂದ ಇಳಿದು "ಎಲ್ರಿ ನವಿಲು?" ಎಂದರೆ ಯಾರೂ ಏನೂ ಮಾಡಲಾಗದು. ಅದು ತಪ್ಪಿದರೆ ಸಂಜೆ ಬಿಸಿಲು ಇಳಿದ ಮೇಲೆ ಇನ್ನೊಂದು ಅವಕಾಶ.

ಮೊದಲು ಕಿವಿಗೆ ಬೀಳುತ್ತದೆ, ಆಮೇಲೆ ಕಣ್ಣಿಗೆ. ಒಂದು ಕೂಗಿದರೆ ಕೋಟೆಯ ಆ ತುದಿಯಿಂದ ಇನ್ನೊಂದು ಉತ್ತರ ಕೊಡುತ್ತದೆ. ಆಗ ನಿಂತುಬಿಡಿ. ನೀವು ನಡೆದರೆ ಅದು ಓಡುತ್ತದೆ, ನೀವು ನಿಂತರೆ ಅದೇ ಈ ಕಡೆ ಬರುತ್ತದೆ.

ಕುಣಿಯುವುದು ನೋಡಬೇಕು. ಯಾವ ತಿಂಗಳು ಸರಿ?

ಮುಂಗಾರು ಶುರುವಾಗುವ ಹೊತ್ತು, ಮೇ ಕೊನೆಯಿಂದ ಜುಲೈ ತನಕ. ಅದು ಜೋಡಿ ಹುಡುಕುವ ಕಾಲ. ಗಂಡಿನ ಗರಿ ಆಗ ಪೂರ್ತಿ ಬೆಳೆದಿರುತ್ತದೆ. ಮಳೆಗಾಲ ಮುಗಿಯುತ್ತಾ ಬಂದಂತೆ ಉದುರಲು ಶುರು. ದಸರೆ ಹೊತ್ತಿಗೆ ಹೋದರೆ ಗಂಡು ನವಿಲು ಬಾಲ ಬೋಳಾಗಿ ಮುಖ ಸಣ್ಣ ಮಾಡಿಕೊಂಡು ಓಡಾಡುತ್ತಿರುತ್ತದೆ, ಫೋಟೋಗೆ ಹೋದವರಿಗೆ ನಿರಾಸೆ. ಮತ್ತೆ ಗರಿ ತುಂಬಿಕೊಳ್ಳಲು ಬೇಸಿಗೆ ಹತ್ತಿರ ಬರಬೇಕು.

ಆದರೆ ಕುಣಿಯುವ ಕಾಲವೇ ಮೊಟ್ಟೆ ಇಡುವ ಕಾಲ. ನವಿಲು ಗೂಡು ಕಟ್ಟುವುದು ಮರದ ಮೇಲಲ್ಲ. ನೆಲದಲ್ಲೇ, ಕಂಟಿಯ ಬುಡದಲ್ಲಿ ಗುಳಿ ಮಾಡಿ ಮೊಟ್ಟೆ ಇಡುತ್ತದೆ. ಹಾಗಾಗಿ ಕಾಲುದಾರಿ ಬಿಟ್ಟು ಎತ್ತರದ ಹುಲ್ಲಿಗೆ ಇಳಿಯಬೇಡಿ. ಹಾವಿನ ಭಯಕ್ಕೂ ಇದೇ ಉತ್ತರ.

ಕೆಳಗೆ ಬಿದ್ದ ಗರಿ ತೆಗೆದುಕೊಂಡು ಬರಬಹುದಾ? ಮಗು ಹಟ ಮಾಡುತ್ತೆ.

ಬೇಡ. ನವಿಲು 1963ರಿಂದ ರಾಷ್ಟ್ರಪಕ್ಷಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ತಾನಾಗಿ ಉದುರಿದ ಗರಿಯ ಬಗ್ಗೆ ಕಾನೂನಿನಲ್ಲಿ ಸಡಿಲಿಕೆ ಇದೆ, ನಿಜ. ಆದರೆ ಇದು ಸಂರಕ್ಷಿತ ಪ್ರದೇಶ, ಇಲ್ಲಿಂದ ಏನನ್ನೂ ಎತ್ತಿಕೊಂಡು ಬರಬಾರದು. ಗರಿಗೆ ಬೆಲೆ ಇದೆ ಅನ್ನುವುದು ಒಮ್ಮೆ ರೂಢಿಯಾದರೆ ಉದುರುವ ತನಕ ಯಾರು ಕಾಯುತ್ತಾರೆ? ಮಗುವಿಗೆ ಜಾತ್ರೆಯಲ್ಲಿ ಒಂದು ಗಿರಗಿಟ್ಲೆ ಕೊಡಿಸಿ.

ಒಳಗೆ ಹೋಗಲು ಯಾರನ್ನು ಕೇಳಬೇಕು?

ಗುಡಿ ಪುರಾತತ್ವ ಇಲಾಖೆಯದು, ನವಿಲು ಅರಣ್ಯ ಇಲಾಖೆಯದು, ಎತ್ತು ಪಶುಸಂಗೋಪನೆಯದು. ಒಂದೇ ಜಾಗ, ಮೂರು ಯಜಮಾನರು. ಗೇಟಿನಲ್ಲಿರುವ ಸಿಬ್ಬಂದಿಗೆ ಗುಡಿ ನೋಡಲು ಬಂದಿದ್ದೇವೆ ಎಂದು ಹೇಳಿ, ಅವರು ತೋರಿಸಿದ ದಾರಿಯಲ್ಲಿ ಹೋಗಿ. ಕೊಟ್ಟಿಗೆ ಕಡೆ ಹೋಗಬೇಕಿದ್ದರೆ ಕೇಳಿಯೇ ಹೋಗಿ. ಖಿಲಾರಿ ಹೋರಿ ಹೊಸಬರನ್ನು ಕಂಡರೆ ಸುಮ್ನೆ ಇರುವ ಪೈಕಿ ಅಲ್ಲ.

ಹೇಗೆ ಹೋಗುವುದು?

ಹಳೆಯ ಎನ್‌ಎಚ್ 4, ಈಗಿನ ಎನ್‌ಎಚ್ 48ರ ಮೇಲೆ ಹುಬ್ಬಳ್ಳಿಯಿಂದ 50 ಕಿಲೋಮೀಟರ್ ಆಸುಪಾಸು. ಶಿಗ್ಗಾವಿ ದಾಟಿದ ಮೇಲೆ ಬಂಕಾಪುರ ಕ್ರಾಸ್. ಹಾವೇರಿಯಿಂದ 22 ಕಿಲೋಮೀಟರ್. ವಾಯವ್ಯ ಸಾರಿಗೆ ಬಸ್ಸುಗಳಿವೆ. ದೂರದ ಬಸ್ಸು ಹತ್ತಿದರೆ ಊರೊಳಗೆ ಹೋಗುತ್ತದಾ, ಕ್ರಾಸಿನಲ್ಲೇ ಇಳಿಸುತ್ತದಾ ಎಂದು ಕಂಡಕ್ಟರನ್ನು ಮೊದಲೇ ಕೇಳಿಕೊಳ್ಳಿ. ರೈಲಿನವರು ಹಾವೇರಿ ಅಥವಾ ಹುಬ್ಬಳ್ಳಿಯಲ್ಲಿ ಇಳಿದು ಬಸ್ಸು ಹಿಡಿಯಬೇಕು. ಗದಗದಿಂದ ಬರುವವರು ಲಕ್ಷ್ಮೇಶ್ವರ, ಸವಣೂರು ಮೇಲೆ ಬಂದರೆ ದಾರಿಯೂ ಚೆಂದ, ಸವಣೂರೂ ನೋಡಿದ ಹಾಗಾಗುತ್ತದೆ.

ವಯಸ್ಸಾದವರನ್ನು ಕರೆದುಕೊಂಡು ಹೋಗಬಹುದಾ?

ಧಾರಾಳವಾಗಿ. ನೆಲಕೋಟೆಯ ಲಾಭವೇ ಅದು, ಹತ್ತುವುದಿಲ್ಲ. ಗುಡಿಗೆ ಇಳಿಯುವಾಗ ಮಾತ್ರ ಕೈ ಹಿಡಿಯಬೇಕು. ಮಕ್ಕಳನ್ನು ಕಂದಕದ ಅಂಚಿಗೆ ಬಿಡಬೇಡಿ. ಮುಳ್ಳುಕಂಟಿ ಬೆಳೆದು ಅಂಚು ಎಲ್ಲಿ ಮುಗಿಯುತ್ತದೆ ಅನ್ನುವುದೇ ಕಾಣುವುದಿಲ್ಲ. ಹಳೆ ಗೋಡೆ ಹತ್ತಿ ನಿಲ್ಲುವುದೂ ಬೇಡ, ಕಲ್ಲು ಸಡಿಲ ಇದೆ.

ನಾಯಿ?

ಮನೆಯಲ್ಲೇ ಇರಲಿ.

ಕೋಟೆಯಲ್ಲಿ ನಿಧಿ ಇದೆಯಂತೆ, ಹೌದಾ?

ಈ ಪ್ರಶ್ನೆ ಕೇಳದವರೇ ಇಲ್ಲ. ಅದಕ್ಕೆ ಒಂದು ಕಾರಣವೂ ಇದೆ. ಕನಕದಾಸರ ಊರು ಬಾಡ ಇಲ್ಲೇ ಪಕ್ಕದಲ್ಲಿ. ತಿಮ್ಮಪ್ಪ ನಾಯಕನಿಗೆ ಭೂಮಿಯಲ್ಲಿ ಹೊನ್ನಿನ ಕೊಪ್ಪರಿಗೆ ಸಿಕ್ಕಿತು, ಅದನ್ನೆಲ್ಲ ದಾನ ಮಾಡಿ ಕನಕನಾದ ಎಂದು ಈ ಕಡೆ ಅಜ್ಜಿಯರೆಲ್ಲ ಹೇಳುತ್ತಾರೆ. ಕತೆಯಲ್ಲಿ ಜನಕ್ಕೆ ನೆನಪಿರುವುದು ಕೊಪ್ಪರಿಗೆ ಮಾತ್ರ, ದಾನ ಮರೆತುಹೋಗಿದೆ. ನಿಧಿ ಆಸೆಗೆ ನಮ್ಮ ಜಿಲ್ಲೆಗಳ ಹಳೆ ಗುಡಿಗಳಲ್ಲಿ ಲಿಂಗ ಕಿತ್ತು, ಪೀಠ ಅಗೆದು ಹಾಕಿದ್ದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಕಾನೂನಿನ ಮಾತು ಬೇಕಿದ್ದರೆ ಕೇಳಿ. ನಮ್ಮ ರಾಜ್ಯದಲ್ಲಿ 1962ರ ಕರ್ನಾಟಕ ನಿಧಿ ಕಾಯ್ದೆ ಜಾರಿಯಲ್ಲಿದೆ. ಬೆಲೆಬಾಳುವ ಹೂತಿಟ್ಟ ವಸ್ತು ಸಿಕ್ಕಿದರೆ ಸರ್ಕಾರಕ್ಕೆ ತಿಳಿಸಲೇಬೇಕು. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದ ತನಕ ಜೈಲು, ಒಂದು ಲಕ್ಷದ ತನಕ ದಂಡ, ಇಲ್ಲ ಎರಡೂ. ಕಂಬದ ಮೇಲೆ ಹೆಸರು ಕೆತ್ತಿ ಪಕ್ಕದಲ್ಲಿ ಹೃದಯ ಬಿಡಿಸುವ ಪ್ರೇಮಿಗಳಿಗೂ ಇದೇ ಕಲಮು ಅನ್ವಯ.

ಪ್ರಿ-ವೆಡ್ಡಿಂಗ್ ಶೂಟ್ ಮಾಡಬಹುದಾ? ಡ್ರೋನ್?

ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆಯುವುದು ಬೇರೆ. ಟ್ರೈಪಾಡ್, ಲೈಟು, ಮೇಕಪ್ಪಿನವರು, ಹೊಗೆ ಡಬ್ಬಿ ಹಿಡಿದು ಬರುವುದಾದರೆ ಪುರಾತತ್ವ ಇಲಾಖೆಯ ಧಾರವಾಡ ವಲಯ ಕಚೇರಿಯಿಂದ ಮೊದಲೇ ಅನುಮತಿ ಬೇಕು. ಡ್ರೋನ್ ಅನುಮತಿ ಇಲ್ಲದೆ ಹಾರಿಸುವ ಹಾಗೇ ಇಲ್ಲ. ಹಕ್ಕಿಗಳ ತಲೆ ಮೇಲೆ ಅದು ಗುಂಯ್ ಎಂದರೆ ಒಂದು ನವಿಲೂ ಆ ದಿನ ಹೊರಗೆ ಬರುವುದಿಲ್ಲ. ನಿಮ್ಮ ಮದುವೆಗೆ ನೂರು ಕಲ್ಯಾಣ ಮಂಟಪ ಇವೆಯಲ್ವಾ?

ಊಟ, ನೀರು?

ಕೋಟೆಯೊಳಗೆ ಏನೂ ಸಿಗದು ಎಂದುಕೊಂಡೇ ಹೋಗಿ. ನೀರು ಮನೆಯಿಂದಲೇ ತುಂಬಿಕೊಳ್ಳಿ. ತಿಂಡಿ ಊರಲ್ಲಿ ಮುಗಿಸಿಕೊಂಡು ಒಳಗೆ ಹೋಗುವುದು ಒಳ್ಳೆಯದು. ಬಿಸಿ ಮಿರ್ಚಿ, ಗಿರಮಿಟ್ಟು ಎಲ್ಲಿ ಬೇಕಾದರೂ ಸಿಗುತ್ತದೆ. ಚಿಪ್ಸ್ ಪಾಕೀಟು ಹುಲ್ಲಿನಲ್ಲಿ ಬಿಟ್ಟರೆ ಅದು ಎತ್ತಿನ ಹೊಟ್ಟೆಗೆ ಹೋಗುತ್ತದೆ, ಗಾಳಿಗೆ ಹಾರಿಹೋಗುತ್ತದೆ ಎಂದುಕೊಳ್ಳಬೇಡಿ.

ಅರ್ಧ ದಿನಕ್ಕೆ ಮುಗಿಯುತ್ತದೆ. ಉಳಿದ ಅರ್ಧ ದಿನ ಏನು ಮಾಡಲಿ?

ಮಕ್ಕಳಿದ್ದರೆ ವಾಪಸ್ ಬರುವಾಗ ಹೆದ್ದಾರಿ ಪಕ್ಕದಲ್ಲೇ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ ಇದೆ, ಅವರಿಗೆ ಕೋಟೆಗಿಂತ ಅದೇ ಇಷ್ಟವಾಗುತ್ತದೆ. ಭಕ್ತಿಯ ಮನೆಯವರಿಗೆ ಬಾಡ, ಕಾಗಿನೆಲೆ. ಶರೀಫಜ್ಜನ ಶಿಶುನಾಳವೂ ಇದೇ ಶಿಗ್ಗಾವಿ ತಾಲ್ಲೂಕು. ಕಲ್ಲಿನ ರುಚಿ ಹತ್ತಿದವರು ಹಾನಗಲ್ಲಿಗೆ ಹೋಗಿ ತಾರಕೇಶ್ವರ ಗುಡಿಯ ಚಾವಣಿಯಲ್ಲಿ ಇಳಿಬಿದ್ದ ಕಮಲ ನೋಡಬೇಕು, ಇಲ್ಲವೇ ಹಾವೇರಿಯ ಸಿದ್ಧೇಶ್ವರ.

ನಾನಾದರೆ ಸವಣೂರಿಗೆ ಹೋಗುತ್ತೇನೆ. ಬಂಕಾಪುರದ ಕೊನೆಯ ಒಡೆಯರ ಊರು ಅದು. ಆಫ್ರಿಕಾ ಮೂಲದ ದೊಡ್ಡಹುಣಸೆ ಮರಗಳು ಅಲ್ಲಿನ ಮಠದ ಆವರಣದಲ್ಲಿವೆ. ಕಾಂಡ ತಬ್ಬಲು ಮನೆಮಂದಿಯೆಲ್ಲ ಕೈ ಕೈ ಹಿಡಿದರೂ ಸಾಲದು. ಬರುವಾಗ ಒಂದು ಪೊಟ್ಟಣ ಸವಣೂರ ಖಾರಾ, ಒಂದು ಕಟ್ಟು ಸವಣೂರ ಎಲೆ ತಪ್ಪದೆ ಕಟ್ಟಿಸಿಕೊಳ್ಳಿ.

ಇದು ಬಯಲು ಕೋಟೆ ಅಂದಿರಿ. ನಮಗೆ ಹತ್ತುವ ಕೋಟೆಯೇ ಬೇಕು ಅಂದರೆ?

ಹಾಗಾದರೆ ಬಂಕಾಪುರ ಬಿಡಿ, ಗದಗ ಜಿಲ್ಲೆಗೆ ನಡೆಯಿರಿ. ನರಗುಂದದ ಗುಡ್ಡ ಇದೆ. 1858ರಲ್ಲಿ ದತ್ತಕಕ್ಕೆ ಬ್ರಿಟಿಷರು ಒಪ್ಪದಿದ್ದಾಗ ಬಂಡೆದ್ದ ಬಾಬಾಸಾಹೇಬ ಭಾವೆಯವರ ಕೋಟೆ ಅದು. ಇಲ್ಲವೇ ಗಜೇಂದ್ರಗಡ, ಗುಡ್ಡದ ಮೇಲೇ ಹರಡಿಕೊಂಡ ಕೋಟೆ. ಎರಡಕ್ಕೂ ಬಿಸಿಲು ಏರುವ ಮುಂಚೆ ಹತ್ತಲು ಶುರು ಮಾಡಿ, ಟೊಪ್ಪಿಗೆ ಮರೆಯಬೇಡಿ. ಎರಡನ್ನೂ ಒಂದೇ ದಿನಕ್ಕೆ ಹಾಕಿಕೊಳ್ಳುವುದು ಬೇಡ, ಕಾಲು ಬರುವುದಿಲ್ಲ.